ಹದಿನಾರನೆಯ ಹಾಳೆ

ದುಂಡೇಶ ಹದಿನೈದು ಹಾಳೆ ಮುಗಿಸಿದ್ದ. ಹದಿನಾರನೆಯದರ ಮೇಲೆ ಪೆನ್ಸಿಲ್ಲಿನಿಂದ ಒಂದು ಚೌಕ ಎಳೆದು ಬಿಟ್ಟಿದ್ದ. ಅಂಚಿನಲ್ಲಿ ಅಳತೆ: ಐದು ಇಂಚು, ಮೂರೂವರೆ ಇಂಚು. ಕೆಳಗೆ ‘ಶಿರೂರು ಚೀಟಿ’. ಅಷ್ಟೇ.

ಅವನು, ನನ್ನ ಗಂಡ, ತೀರಿಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಧಾರವಾಡದಿಂದ ಪತ್ರ ಬಂತು. ಎರಡು ವರ್ಷಕ್ಕೊಮ್ಮೆ ನಡೆಯುವ ಅಂಚೆ ಸಂಗ್ರಾಹಕರ ಪ್ರದರ್ಶನ. ಬದುಕಿದ್ದಾಗ ಅವನೇ ಹೆಸರು ಕೊಟ್ಟಿದ್ದನಂತೆ. ‘ದಿವಂಗತ’ ಎಂದು ಸೇರಿಸಿ ಹಾಳೆಗಳನ್ನು ಗೋಡೆಗೆ ಹಾಕಲು ಅವರು ಒಪ್ಪಿದ್ದರು. ಒಂದು ಚೌಕಟ್ಟಿಗೆ ಹದಿನಾರು ಹಾಳೆ. ಕಡಿಮೆಯಾದರೆ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ತಲುಪಬೇಕು.

ಪತ್ರವನ್ನು ನನಗೆ ಬಿಡಿಸಿ ಹೇಳಿದವರು ಸುಭಾನಸಾಬರು. ಇಳಕಲ್ಲಿನ ಪೋಸ್ಟ್ ಆಫೀಸಿನಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ದುಂಡೇಶನಿಗೆ ಈ ಹುಚ್ಚು ಹಿಡಿಸಿದವರೂ ಅವರೇ.

‘ಹದಿನೈದಕ್ಕ ನಿಲ್ಲಿಸಿ ಹ್ವಾದ ನೋಡ್ ಬೇಟಿ,’ ಅಂದರು. ‘ಅಲ್ಲೇನರ ಬ್ಯಾರೇದ್ದು ಅಂಟಿಸಿ ಕಳಸೂಣೇನು? ನನ್ನ ಹಂತ್ಯಾಕ ಒಂದು ಹಳೇ ಏರ್ ಮೇಲ್ ಲಕೋಟಿ ಐತಿ.’

‘ಚೌಕ ಅದಕ್ಕ ಎಳದಿಲ್ರಿ ಮಾಸ್ತರ್ರ.’

‘ಚೌಕ ರಬ್ಬರಿಗೆ ಹೋಗ್ತದಲ್ಲ.’

ಅವರು ಚಹ ಮುಗಿಸಿ, ಕಪ್ಪನ್ನು ತಾವೇ ಬಚ್ಚಲಿಗೆ ಒಯ್ದಿಟ್ಟು ಹೋದರು.

ಅವನ ಹೆಸರನ್ನು ಗೋಡೆಯ ಮೇಲೆ ನೋಡುವ ಆಸೆ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ನನ್ನಲ್ಲಿ ಆಸೆ ಎನ್ನುವಂಥದ್ದು ಏನೂ ಇರಲಿಲ್ಲ. ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅರ್ಧಕ್ಕೆ ನಿಂತ ಪ್ರಯೋಗವನ್ನು ಮೇಜಿನ ಮೇಲೆ ಬಿಟ್ಟು ಬಾಗಿಲು ಹಾಕಿಕೊಂಡು ಹೋಗಬಾರದು ಎಂದು ಮಕ್ಕಳಿಗೆ ಹೇಳುತ್ತೇನೆ. ಇದೂ ಅಂಥದ್ದೇ ಅನಿಸಿತು. ಒಂದೋ ಮುಗಿಸಬೇಕು, ಇಲ್ಲವೋ ಚೆಲ್ಲಬೇಕು. ಹದಿನೈದು ಹಾಳೆ ಚೆಲ್ಲುವುದು ನನ್ನ ಕೈಯಲ್ಲಿ ಆಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ದುಂಡೇಶ ಭೂಮಾಪಕ. ಹುನಗುಂದದಲ್ಲಿ ಕಚೇರಿ. ಹೊಲ ಅಳೆಯುವುದು ಕೆಲಸ, ಹಳೆಯ ವಿಮಾನಗಳ ಕಾಗದ ಕೂಡಿಸುವುದು ಚಟ. ತೊಂಬತ್ತು ವರ್ಷಗಳ ಹಿಂದೆ ಮುಂಬಯಿಯಿಂದ ಪುಣೆಯ ಮೇಲೆ ಹಾದು ಬಳ್ಳಾರಿಗೆ, ಅಲ್ಲಿಂದ ಮದರಾಸಿಗೆ ಟಪಾಲು ಒಯ್ಯುತ್ತಿದ್ದ ಒಂದೇ ಇಂಜಿನ್ನಿನ ವಿಮಾನಗಳ ದಾರಿ ನಮ್ಮ ತಲೆಯ ಮೇಲೆಯೇ ಇತ್ತು. ನಕಾಶೆಯಲ್ಲಿ ಪುಣೆಗೂ ಬಳ್ಳಾರಿಗೂ ಪಟ್ಟಿ ಇಟ್ಟು ಗೆರೆ ಎಳೆದರೆ ಅದು ಹುನಗುಂದ, ಇಳಕಲ್ಲುಗಳ ಮಗ್ಗುಲಲ್ಲೇ ಹಾಯುತ್ತದೆ. ಮೊದಲ ಹಾಳೆಯಲ್ಲಿ ಆ ಗೆರೆಯಿದೆ. ಕೈ ಎಲ್ಲಿಯೂ ನಡುಗಿಲ್ಲ.

ಉಳಿದ ಹಾಳೆಗಳಲ್ಲಿ ಬಳ್ಳಾರಿಯ ಮುದ್ರೆ ಬಿದ್ದ ಲಕೋಟೆಗಳು, ನೀಲಿ ಲೇಬಲ್ಲು, ವೇಳಾಪಟ್ಟಿಯ ಒಂದು ಚೂರು. ಎಲ್ಲದಕ್ಕಿಂತ ಹೆಚ್ಚಾಗಿ ಸಹಿಗಳು. ಆ ಕಾಲದ ಪೈಲಟ್‌ಗಳು ಯಾರೂ ಈಗಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಪುಣೆಯಲ್ಲೋ ಚೆನ್ನೈಯಲ್ಲೋ ಇದ್ದಾರೆಂದು ಹುಡುಕಿ, ಹಿರಿಯರ ಸಹಿಯಿರುವ ಕಾಗದವಿದ್ದರೆ ಕಳಿಸಿರೆಂದು ಪತ್ರ ಬರೆಯುತ್ತಿದ್ದ. ಒಳಗೆ ತನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಖಾಲಿ ಲಕೋಟೆ ಇಡುತ್ತಿದ್ದ. ಹತ್ತರಲ್ಲಿ ಎಂಟಕ್ಕೆ ಉತ್ತರ ಬರುತ್ತಿರಲಿಲ್ಲ. ಬಂದರೆ ಆ ದಿನ ಊಟ ತಣ್ಣಗಾಗುತ್ತಿತ್ತು.

‘ಏನೈತ್ರಿ ಅದರಾಗ? ಒಂದು ಹೆಸರು,’ ಅಂದಿದ್ದೆ ಒಮ್ಮೆ.

‘ಆ ಕೈ ಈ ಕಾಗದದ ಮ್ಯಾಲೆ ಕುಂತಿತ್ತು,’ ಅಂದ. ‘ಅದು ಖರೆ. ಉಳಿದದ್ದೆಲ್ಲಾ ಮಂದಿ ಹೇಳಿದ್ದು.’

ಯಾವ ಕಾಗದ ಕೈಗೆ ಬಂದರೂ ಮೊದಲು ಕೆಳಗೆ ನೋಡುವುದು ಅವನ ಚಾಳಿ. ಸಹಿ ನೋಡಿದ ಮೇಲೆ ಮೇಲಿನಿಂದ ಓದುತ್ತಿದ್ದ. ಮದುವೆ ಗಟ್ಟಿಯಾದಾಗ ಬಾದಾಮಿಯಿಂದ ನಾನೊಂದು ಪತ್ರ ಬರೆದಿದ್ದೆ, ನಾಲ್ಕು ಪುಟ. ಎರಡು ದಿನ ಕುಳಿತು ಬರೆದದ್ದು. ಫೋನು ಮಾಡಿ ‘ಸಹಿ ಭಾಳ ಚೊಲೊ ಐತಿ’ ಅಂದ.

‘ಮ್ಯಾಲಿಂದು ಓದಿದ್ರೇನು?’

‘ಈಗ ಓದ್ತೇನಿ,’ ಅಂದ.

ಶಿರೂರಿನ ವಿಷಯ ಅವನಿಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ, ಬಾಗಲಕೋಟೆ ತಾಲೂಕಿಗೆ ನಿಯೋಜನೆಯ ಮೇಲೆ ಹೋಗಿದ್ದಾಗ. ಅಳೆಯಬೇಕಾದ ಒಂದು ಹೊಲಕ್ಕೆ ಊರವರು ‘ಇಮಾನದ ಪಟ್ಟಿ’ ಅನ್ನುತ್ತಿದ್ದರು. ಮುತ್ತ್ಯಾನ ಕಾಲದಲ್ಲಿ ಅಲ್ಲೊಂದು ವಿಮಾನ ಇಳಿದಿತ್ತು. ಇಂಜಿನ್ನು ಕೆಟ್ಟು ಇಳಿದ ಟಪಾಲು ವಿಮಾನ. ಅದನ್ನು ಕಾದ ಕುರುಬರ ಮಲಕಪ್ಪನಿಗೆ ಪೈಲಟ್ ಒಂದು ಚೀಟಿ ಬರೆದುಕೊಟ್ಟಿದ್ದ. ಆ ಮನೆಯವರು ಅದನ್ನು ದೇವರ ಕೋಣೆಯಲ್ಲಿ, ಮನೆದೇವರು ಬೀರಪ್ಪನ ಜಗಲಿಯ ಮೇಲೆ ಇಟ್ಟು ಪೂಜಿಸುತ್ತಾರೆ. ಕೆಳಗೆ ಸಹಿ ಇದೆ.

ಇಷ್ಟು ಹೇಳುವಾಗ ಅವನ ಕಣ್ಣು ಹೇಗಿದ್ದವು ಎಂದು ನೆನಪಿದೆ. ಮುಂದಿನದನ್ನು ಅವನು ಹೇಳಲಿಲ್ಲ. ಅವನ ನೋಟುಬುಕ್ಕಿನಲ್ಲಿ ಆ ಮನೆಯ ಹಿರಿಯಳು ಸಾವಂತ್ರವ್ವನ ಹೆಸರು, ಶಿರೂರಿಗೆ ಹೋದ ಆರು ತಾರೀಖುಗಳು ಇವೆ. ಆರರ ಮುಂದೆಯೂ ಒಂದೇ ಶಬ್ದ: ‘ತೋರಿಸಲಿಲ್ಲ.’

ಶನಿವಾರ ಕಾಲೇಜಿಗೆ ರಜೆ ಹಾಕಿದೆ. ಅವನ ಡಬ್ಬಿಯಿಂದ ಭೂತಗನ್ನಡಿ ತೆಗೆದುಕೊಂಡೆ. ಅದನ್ನು ಅವನು ತನ್ನ ಕರವಸ್ತ್ರದಲ್ಲಿ ಸುತ್ತಿ ಇಡುತ್ತಿದ್ದ. ಬಟ್ಟೆಗಳನ್ನೆಲ್ಲ ಹದಿಮೂರನೆಯ ದಿನ ಅತ್ತೆ ಕೊಟ್ಟುಬಿಟ್ಟಿದ್ದರು. ಇದು ಡಬ್ಬಿಯೊಳಗಿತ್ತು, ಉಳಿಯಿತು. ಬಿಳಿ ಬಟ್ಟೆ, ನಡುವೆ ನೇರಳೆ ಕಲೆ.

ಆ ಕಲೆ ನನಗೆ ಗೊತ್ತಿದ್ದದ್ದೇ. ಒಗೆದವಳು ನಾನು. ಆ ದಿನ ಅದಕ್ಕೆ ಅರಿಸಿನವೂ ಹತ್ತಿತ್ತು. ಸಾಬೂನು ಹಾಕಿದ ಕೂಡಲೇ ಕೆಂಪಾಯಿತು. ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳಿಗೆ ಮಾಡಿ ತೋರಿಸುತ್ತೇನೆ.

‘ಏನ್ರಿ ಇದು, ಎಲ್ಲಿ ಹೊಳ್ಳ್ಯಾಡಿ ಬಂದೀರಿ?’ ಅಂದಿದ್ದೆ.

‘ಹೊಲದಾಗ ಪೂಜಿ ಇತ್ತು.’

‘ಈ ನ್ಯಾರಳಿ ಬಣ್ಣ?’

ಕಲೆಯ ಕಡೆ ನೋಡದೆ, ‘ಸ್ಟ್ಯಾಂಪ್ ಪ್ಯಾಡ್,’ ಅಂದಿದ್ದ.

ಎರಡು ಸಲ ಒಗೆದೆ. ಅರಿಸಿನ ತೆಳುವಾಯಿತು. ನೇರಳೆ ಹೋಗಲಿಲ್ಲ. ಬಚ್ಚಲ ಬಾಗಿಲಲ್ಲಿ ನಿಂತು ಅವನು ನೋಡುತ್ತಿದ್ದ. ‘ಬಿಡು, ಸಾಕು’ ಅಂದ. ನನಗೆ ಹಟ. ಬ್ರಷ್ಷು ತಗೊಂಡು ಇನ್ನೊಮ್ಮೆ ತಿಕ್ಕಿದೆ.

ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಶಿರೂರಿಗೆ ಹೋದಾಗ ಹನ್ನೊಂದಾಗಿತ್ತು. ಮಲಕಪ್ಪನ ಮನೆ ಎಂದು ಕೇಳಿದೆ. ‘ಇಮಾನದ ಮಲಕಪ್ಪನ ಮನಿ ಏನ್ರಿ?’ ಎಂದು ಕೇಳಿ ತೋರಿಸಿದರು. ಮಲಕಪ್ಪ ಸತ್ತು ಐವತ್ತು ವರ್ಷ ಆಗಿದೆ.

ಅಂಗಳದಲ್ಲಿ ಒಬ್ಬ ಗಂಡಸು ಶಾಲೆಯ ವ್ಯಾನು ತೊಳೆಯುತ್ತಿದ್ದ. ಹಿಂದಿನ ದಡ್ಡಿಯಲ್ಲಿ ನಾಲ್ಕೈದು ಕುರಿಮರಿಗಳು ಕೂಗುತ್ತಿದ್ದವು.

‘ಯಾರ್ ಬೇಕ್ರಿ?’

‘ಸಾವಂತ್ರವ್ವ ಆಯಿ ಅದಾರೇನ್ರಿ?’

‘ಅದಾಳ. ಜನಗಣತಿ ಏನ್ರಿ ಬಾಯಾರ?’

‘ಅಲ್ರಿ. ಸರ್ವೇದ ದುಂಡೇಶ ಅಂತ ಬರ್ತಿದ್ರಲ್ಲ, ಅವರ ಮನಿಯಾಕಿ.’

ಅವನು ಪೈಪು ಕೆಳಗಿಟ್ಟ. ನಗು ಬಂದಿತ್ತು ಅವನಿಗೆ. ಒಳಗೆ ಕೂಗಿದ: ‘ಯವ್ವಾ, ಒರಸೂ ಸಾಹೇಬನ ಹೇಂತಿ ಬಂದಾಳ ನೋಡು!’ ನನ್ನ ಕಡೆ ತಿರುಗಿ, ‘ತಾನು ಬಂದು ಬಂದು ಬ್ಯಾಸರಾತೇನ್ರಿ? ಈಗ ನಿಮ್ಮನ್ನ ಹಚ್ಚಿ ಕೊಟ್ಟಾನ?’

‘ತೀರಿಕೊಂಡ್ರು,’ ಅಂದೆ. ‘ಹ್ವಾದ ವರ್ಸ ಸೆಪ್ಟೆಂಬರದಾಗ.’

ಪೈಪಿನ ನೀರು ಅವನ ಕಾಲ ಹತ್ತಿರ ಹರಿಯುತ್ತಿತ್ತು. ಹೋಗಿ ಮೋಟರು ಬಂದ್ ಮಾಡಿ ಬಂದ. ‘ತಪ್ಪಾತ್ರಿ ಅಕ್ಕಾರ. ಬಾಯಿ ನಂದು. ಒಳಗ ಬರ್ರಿ.’ ಅವನು ರಾಜಕುಮಾರ, ಮಲಕಪ್ಪನ ಮೊಮ್ಮಗ.

ಸಾವಂತ್ರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮಲಕಪ್ಪನ ಸೊಸೆ. ಹಣೆಯ ತುಂಬ ಭಂಡಾರ. ಬೀರಪ್ಪನ ಒಕ್ಕಲಿನವರಿಗೆ ಅರಿಸಿನಪುಡಿಯೆಂದರೆ ಬರೀ ಅರಿಸಿನವಲ್ಲ. ಭಂಡಾರವೆಂದರೆ ದೇವರೇ ಬಂದು ಕೂತಂತೆ.

‘ಏನಾಗಿತ್ತವ್ವಾ ಅವಂಗ?’

‘ಗಾಡಿ ಮ್ಯಾಲಿಂದ ಬಿದ್ರು. ಹುನಗುಂದ ದಾಟಿ.’

‘ವಯಸ್ಸು?’

‘ಮೂವತ್ತೇಳು.’

‘ಮಕ್ಕಳು?’

‘ಇಲ್ಲ.’

ಅವಳು ಕಲ್ಲು ಹುಡುಕುತ್ತಲೇ ಇದ್ದಳು. ಅಯ್ಯೋ ಅನ್ನಲಿಲ್ಲ. ಅದಕ್ಕೆ ನನಗೆ ಹಗುರಾಯಿತು.

‘ಮತ್ತ ನೀ ಯಾಕ ಬಂದಿ?’

ಹಾಳೆಯ ವಿಷಯ ಹೇಳಿದೆ. ಹದಿನಾರಕ್ಕೆ ಒಂದು ಕಡಿಮೆ ಎಂದೆ. ‘ಚೀಟಿ ಒಯ್ಯೂದಿಲ್ಲ ಆಯಿ. ಒಮ್ಮೆ ನೋಡಿ, ಒಂದು ಫೋಟೋ ಹೊಡ್ಕೊಂಡು ಹೋಗ್ತೇನಿ.’

‘ಆಗೂದಿಲ್ಲ.’

‘ಯಾಕ?’

‘ಯಾಕ ಅಂತ ನಿನ್ನ ಗಂಡ ಹೇಳಿಲ್ಲೇನು?’

‘ನೀವು ತೋರಿಸಲಿಲ್ಲ ಅಂತ ಬರದಿಟ್ಟಾರ.’

‘ತೋರಿಸಲಿಲ್ಲಂತ!’ ಅವಳು ಮಗನ ಕಡೆ ನೋಡಿದಳು. ರಾಜಕುಮಾರ ಬಾಗಿಲಿಗೆ ಆತು ನಿಂತು ನೆಲ ನೋಡುತ್ತಿದ್ದ. ‘ಕೇಳಿದೇನೋ ರಾಜ್ಯಾ? ನಾವು ತೋರಿಸಲಿಲ್ಲಂತ.’

‘ಮುಟ್ಟೂದಿಲ್ಲ ಆಯಿ, ದೂರಿಂದನ ನೋಡ್ತೇನಿ. ಇದರಾಗ.’ ನಾನು ಚೀಲದಿಂದ ಭೂತಗನ್ನಡಿಯ ಗಂಟು ತೆಗೆದೆ.

ಅವಳ ಕೈ ಮೊರದಲ್ಲಿ ನಿಂತಿತು.

‘ಅದು,’ ಅಂದಳು. ‘ಆ ಅರಿವಿ.’

ನನಗೆ ತಿಳಿಯಲಿಲ್ಲ. ಗಾಜು ಹೊರತೆಗೆದು ಕರವಸ್ತ್ರವನ್ನು ತೊಡೆಯ ಮೇಲಿಟ್ಟುಕೊಂಡೆ.

‘ಅದಽ ಅರಿವಿ ರಾಜ್ಯಾ. ನೋಡಲ್ಲೆ, ನಡಕ.’

ಆಮೇಲೆ ಅವಳು ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಬಹಳ ಸಲ ಹೇಳಿ ಸವೆದ ಮಾತಿನಂತಿತ್ತು.

ದುಂಡೇಶ ಮೊದಲ ಸಲ ಬಂದಾಗ ಅವಳೇ ಜಗಲಿಯಿಂದ ಚೀಟಿ ಇಳಿಸಿ ಅವನ ಕೈಗೆ ಕೊಟ್ಟಿದ್ದಳು. ಸರ್ಕಾರದ ಮನುಷ್ಯ, ಓದಿದವನು, ಇದರಲ್ಲಿ ಏನಿದೆ ಹೇಳಲಿ ಎಂದು. ಪ್ರತಿ ವರ್ಷ ದೀಪಾವಳಿಗೆ ಆ ಕಾಗದಕ್ಕೆ ಭಂಡಾರ ಹಚ್ಚುತ್ತಾರೆ. ಹಚ್ಚುವುದು ಕೆಳಗೆ, ಹೆಸರಿರುವ ಕಡೆ, ಹೆಬ್ಬೆಟ್ಟಿನಿಂದ. ಹೆಸರೇ ಮನುಷ್ಯ ಎಂದು ಮಲಕಪ್ಪ ಹೇಳಿದ್ದನಂತೆ. ತೊಂಬತ್ತು ವರ್ಷದ ಭಂಡಾರ ಎಣ್ಣೆ ಕುಡಿದು ಅಲ್ಲಿ ಹಕ್ಕಳೆ ಕಟ್ಟಿತ್ತು.

‘ಮ್ಯಾಲಿಂದು ಓದಲಿಲ್ಲವ್ವ ಅಂವ. ಬಂದಾಂವ ಸೀದಾ ಕೆಳಗಽ ನೋಡಿದ. ಕುಡ್ಯಾಕ ನೀರು ಕೊಟ್ಟಿದ್ದೆ. ಅದರಾಗ ಅರಿವಿ ಎದ್ದಿ, ಒರಸಿದ.’

‘ಒರಸಿದ್ರಾ?’

‘ನಾ ಹ್ಞಾಂ ಅನ್ನೂದ್ರಾಗ ಒರಸಿದ. ಭಂಡಾರ ಬಂತು. ಅದರ ಹಿಂದ ಹೆಸರೂ ಬಂತು. ನೀಲಿ ನೀಲಿ ಆಗಿ ಅರಿವಿಗೆ ಹತ್ತಿಬಿಡ್ತು. ಅವನ ಮುಖ ನೋಡಬೇಕಿತ್ತು ನೀ. ಕುರಿ ಕೊಯ್ದಾವರ ಮುಖಾನೂ ಹಂಗ ಇರೂದಿಲ್ಲ.’

ನನಗೆ ಆಗ ತಿಳಿಯಿತು. ಕಾಪಿಂಗ್ ಪೆನ್ಸಿಲ್. ಒಣಗಿದ್ದರೆ ಬೂದು, ನೀರು ತಾಗಿದರೆ ನೇರಳೆ. ಆ ಕಾಲದ ಟಪಾಲಿನವರು ಅದರಿಂದಲೇ ಬರೆಯುತ್ತಿದ್ದರು, ರಬ್ಬರಿಗೆ ಅಳಿಯುವುದಿಲ್ಲವೆಂದು. ನೀರಿಗೆ ಮಾತ್ರ ಕರಗುತ್ತದೆ. ಇದು ದುಂಡೇಶನಿಗೆ ಗೊತ್ತಿತ್ತು. ಒಂಬತ್ತನೆಯ ಹಾಳೆಯಲ್ಲಿ ತಾನೇ ಬರೆದಿದ್ದಾನೆ: ‘ತೇವ ತಾಗಿಸಬಾರದು.’ ಹಕ್ಕಳೆಯ ಕೆಳಗೆ ಏನಿದೆ ಎಂದು ಅವನಿಗೆ ಕಂಡಿರಲಿಕ್ಕಿಲ್ಲ. ತಡೆದುಕೊಳ್ಳಲು ಆಗಿರಲಿಕ್ಕಿಲ್ಲ.

‘ಆಮ್ಯಾಲೂ ಬರ್ತಿದ್ದ,’ ಅಂದ ರಾಜಕುಮಾರ. ‘ಐದು ಸಲ. ಒಳಗ ಕರೀಲಿಲ್ರಿ ನಾವು. ಹೊರಗ ಕಟ್ಟಿ ಮ್ಯಾಲೆ ಕುಂದ್ರಾವ. ಚೀಟಿ ಕೇಳಲಿಲ್ಲ ಅಂವ. ತಪ್ಪಾತು ಅನ್ನಾವ, ಅರ್ಧಾ ತಾಸು ಕುಂದ್ರಾವ, ಹೋಗಾವ. ನಾವು ಅವಂಗ ಒರಸೂ ಸಾಹೇಬ ಅಂತ ಹೆಸರಿಟ್ವಿ.’

‘ನಾ ಒಂದಽ ಕೇಳಿದ್ದೆ,’ ಅಂದಳು ಸಾವಂತ್ರವ್ವ. ‘ಆ ಅರಿವಿ ತಂದು ಕೊಡಪಾ ಅಂದೆ. ಹೆಸರು ಅದರಾಗ ಐತಿ, ಭಂಡಾರ ಅದರಾಗ ಐತಿ. ದೇವರದು ದೇವರ ಹಂತ್ಯಾಕ ಇರ್ಲಿ. ಅಷ್ಟು ಮಾಡಿದ್ರ ಮುಗೀತು ಅಂದೆ. ಒಗದುಬಿಟ್ಟೇನಿ ಅಂದ.’

‘ಏನಂದ್ರು?’

‘ಒಗದುಬಿಟ್ಟೇನವ್ವ ಅಂದ. ಸಬಕಾರ ಹಚ್ಚಿ. ಯಾರು ಒಗದ್ರು ಅಂತ ಕೇಳಿದೆ. ಹೆಂಗಸರೇನರ ತಿಳೀದ ಒಗದಾರೇನು ಅಂದೆ. ಇಲ್ಲ, ನಾನಽ ಒಗದೇನಿ ಅಂದ. ಭಂಡಾರ ಹತ್ತಿದ್ದು ಗೊತ್ತಿದ್ದೂ ಸಬಕಾರ ಹಚ್ಚಿದಿ ಅಂದ ಮ್ಯಾಲೆ ನೀ ಒಳಗ ಬರಬ್ಯಾಡಪಾ ಅಂದೆ. ಹೂಂ ಅಂದ.’

ದಡ್ಡಿಯಲ್ಲಿ ಮರಿಯೊಂದು ಕೂಗುತ್ತಲೇ ಇತ್ತು. ರಾಜಕುಮಾರ ಹೊರಗೆ ಹೋಗಿ ಅದರ ತಾಯಿಯನ್ನು ಬಿಟ್ಟು ಬಂದ. ಕೂಗು ನಿಂತಿತು.

ಆರು ವರ್ಷದ ಸಂಸಾರದಲ್ಲಿ ದುಂಡೇಶ ಒಂದು ಬಟ್ಟೆ ಒಗೆದಿರಲಿಲ್ಲ. ಸಾಬೂನು ಎಲ್ಲಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸುಮ್ಮನಿರಬಹುದಿತ್ತು. ಸತ್ತವನು ತಾನೇ ಹೊತ್ತುಕೊಂಡು ಹೋದದ್ದನ್ನು ನಾನು ಮತ್ತೆ ಕೆಳಗೆ ಇಳಿಸಬೇಕಾಗಿರಲಿಲ್ಲ. ಹೇಳಿದರೆ ಚೀಟಿಯ ಮಾತು ಅಲ್ಲಿಗೆ ಮುಗಿಯುತ್ತದೆ ಎಂದೂ ಅನಿಸಿತು.

‘ಒಗದಾಕಿ ನಾನು ಆಯಿ,’ ಅಂದೆ. ‘ಅವರಲ್ಲ. ಮೂರು ಸಲ ಒಗದೆ. ಬ್ರಷ್ ಹಚ್ಚಿ ತಿಕ್ಕೀನಿ. ಬಿಡು ಸಾಕು ಅಂದ್ರು, ನಾ ಬಿಡಲಿಲ್ಲ.’

ಸಾವಂತ್ರವ್ವ ನನ್ನನ್ನು ನೋಡಿದಳು. ಬಂದಾಗಿನಿಂದ ಅವಳು ನನ್ನ ಮುಖ ನೋಡಿದ್ದು ಆಗಲೇ.

‘ಗೊತ್ತಿತ್ತೇನು ನಿನಗ?’

‘ಸ್ಟ್ಯಾಂಪ್ ಪ್ಯಾಡಿನ ಬಣ್ಣ ಅಂದ್ರು.’

‘ಸುಳ್ಳ ಹೇಳಿದ.’

‘ಹೂಂ.’

‘ನಿನಗೂ ಹೇಳಿದ, ನನಗೂ ಹೇಳಿದ.’ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ಎರಡೂ ಕಡೆ ಸುಳ್ಳ ಹೇಳಿ ನಡಕ ತಾ ಒಬ್ಬಾವ ಕುಂತ. ನನ್ನ ಕಟ್ಟಿ ಮ್ಯಾಲೆ.’

ಕೈ ಚಾಚಿದಳು. ನಾನು ಕರವಸ್ತ್ರ ಕೊಟ್ಟೆ. ಅವಳು ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು. ಮೂಗಿಗೆ ಹಿಡಿದು ಮೂಸಿದಳು. ಎಳೆಗಳ ಸಂದಿಯಲ್ಲಿ ಹಳದಿ ಇನ್ನೂ ಇತ್ತು, ನಾನೆಂದೂ ಗಮನಿಸಿರಲಿಲ್ಲ.

‘ಹೋಗಿಲ್ಲ,’ ಅಂದಳು. ‘ಎಷ್ಟು ತಿಕ್ಕೀಯೋ ತಿಕ್ಕು. ಹೋಗಿಲ್ಲ.’ ಆಮೇಲೆ, ‘ಇದನ್ನ ಕೊಡ್ತಿಯೇನು?’

ಅವನ ಬಟ್ಟೆ ಎಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಅದನ್ನು ಹೇಳಲಿಲ್ಲ. ಅವಳಿಗೆ ತಿಳಿಯದೆ ಇರಲಿಕ್ಕಿಲ್ಲ. ಸಾವಂತ್ರವ್ವನ ಕೊರಳೂ ಬರಿದಾಗಿತ್ತು.

‘ತಗೋರಿ,’ ಅಂದೆ.

ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬರುವಾಗ ಕಂಬಳಿಯ ತುಂಡಿನಲ್ಲಿ ಸುತ್ತಿದ ತಗಡಿನ ಡಬ್ಬಿ ತಂದಳು. ಇನ್ನೊಂದು ಕೈಯಲ್ಲಿ ಭಂಡಾರದ ಬಟ್ಟಲು.

‘ಹಣಿ ತಾ.’

‘ನನಗ ಗಂಡ ಇಲ್ಲ ಆಯಿ.’

‘ನನಗೈತೇನು? ಬೀರಪ್ಪ ಅದನ್ನೆಲ್ಲಾ ಕೇಳೂದಿಲ್ಲ. ಭಂಡಾರಿಲ್ಲದ ಇದನ್ನ ನೋಡಾಕ ಬರೂದಿಲ್ಲ. ನಿನ್ನ ಗಂಡಗೂ ಹಚ್ಚಿದ್ದೆ.’

ಹೆಬ್ಬೆಟ್ಟು ಒರಟಾಗಿತ್ತು. ಹದಿನಾಲ್ಕು ತಿಂಗಳಲ್ಲಿ ನನ್ನ ಹಣೆಯನ್ನು ಯಾರೂ ಮುಟ್ಟಿರಲಿಲ್ಲ.

ಚೀಟಿ ನೋಟುಬುಕ್ಕಿನಿಂದ ಹರಿದ ಹಾಳೆ. ನಾಲ್ಕು ಮಡಿಕೆ. ಮೇಲೆ ಹನ್ನೊಂದು ಸಾಲು ಇಂಗ್ಲಿಷು, ಬೂದು ಬಣ್ಣದ್ದು, ಸ್ವಚ್ಛ. ಕೆಳಗೆ, ಬಲಗಡೆ, ಒಂದು ಅಗಲವಾದ ನೇರಳೆ ಮೋಡ. ಒರೆಸಿದ ಕೈ ಎಡದಿಂದ ಬಲಕ್ಕೆ ಹೋಗಿತ್ತು. ಅದು ಗೊತ್ತಾಗುತ್ತಿತ್ತು. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಪೆನ್ಸಿಲ್ಲು ಒತ್ತಿದ ಗುರುತಾದರೂ ಕಾಗದದಲ್ಲಿ ಉಳಿದಿರಬಹುದು ಎಂದು. ಉದ್ದನೆಯ ಒಂದು ಗೀಟು, ಅದರ ತುದಿಗೆ ಒಂದು ಸುತ್ತು. ಯಾವ ಅಕ್ಷರವೂ ಆಗಬಹುದಾಗಿತ್ತು. ಹೆಸರು ಇರಲಿಲ್ಲ.

‘ಏನೈತಿ ಅದರಾಗ?’ ಅಂದಳು ಸಾವಂತ್ರವ್ವ. ‘ಹಿಂದಕ ಒಬ್ಬಾವ ಮಾಸ್ತರ ನೋಡಿ ಸರಕಾರದ ಸನ್ನದು ಐತಿ ಅಂದಿದ್ದ. ಅಷ್ಟಽ ಗೊತ್ತು ನಮಗ.’

ನಾನು ಮೇಲಿನಿಂದ ಓದಿ ಹೇಳಿದೆ.

ಈ ಚೀಟಿ ಇಟ್ಟುಕೊಂಡವನು ಮಲಕಪ್ಪ, ಕುರಿ ಕಾಯುವವನು. ಇವನೂ ಇವನ ಮಂದಿಯೂ ಎರಡು ರಾತ್ರಿ ಒಂದು ಹಗಲು ನನ್ನ ಯಂತ್ರವನ್ನು ಕಾದಿದ್ದಾರೆ. ಟಪಾಲಿನ ಚೀಲ ಒಂದೂ ಕಳೆದಿಲ್ಲ. ನನಗೆ ರೊಟ್ಟಿ, ಹಾಲು, ಹೊದೆಯಲು ಕಂಬಳಿ ಕೊ‌ಟ್ಟಿದ್ದಾರೆ.

‘ಖರೆ, ಕಂಬಳಿ ಕೊಟ್ಟಿದ್ದ,’ ಅಂದಳು ಅವಳು. ‘ನನ್ನ ಮಾವ ಹೇಳ್ತಿದ್ದ. ಮಂದಿ ಎಲ್ಲಾ ಬೀರಪ್ಪನ ಪಲ್ಲಕ್ಕಿ ಇಳದೈತಿ ಅಂತ ಕಾಲಿಗೆ ಬಿದ್ರಂತ. ಪಲ್ಲಕ್ಕಿ ಆದ್ರ ಹೊರಾವರು ಎಲ್ಲದಾರಲೇ ಅಂದಿದ್ನಂತ ಮಾವ.’

ರಾಜಕುಮಾರ ನಕ್ಕ. ‘ಆದ್ರೂ ಭಂಡಾರ ಹಚ್ಚಿದ್ದ.’

‘ಮ್ಯಾಲಿಂದ ಬಂದದ್ದಕ್ಕ ಹಚ್ಚದ ಬಿಡಾಕ ಬರ್ತದೇನಲೇ? ಮುಂದ ಓದು ತಂಗಿ.’

ಉಳಿದ ಸಾಲುಗಳನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಆಮೇಲೆ ಬಾಯಿಬಿಟ್ಟು ಹೇಳಿದೆ.

ಇಂಜಿನ್ನಿನ ಮೂತಿಗೆ ಹಳದಿ ಪುಡಿ ಬಳಿದಿದ್ದಾರೆ. ಯಾಕೆಂದು ನನಗೆ ಗೊತ್ತಿಲ್ಲ, ಆದರೆ ಇವರಿಗೆ ಅದು ದೊಡ್ಡದೆಂದು ಕಂಡಿತು. ಬಳ್ಳಾರಿಯಲ್ಲಿ ಯಾರಾದರೂ ಈ ಪುಡಿ ಏನೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಒರೆಸಿಲ್ಲ, ಒರೆಸಲು ಬಿಡುವುದೂ ಇಲ್ಲ.

ರಾಜಕುಮಾರ ಬಾಗಿಲು ಬಿಟ್ಟು ಹತ್ತಿರ ಬಂದ.

‘ಒರಸಿಲ್ಲಂತೇನು?’ ಅಂದಳು ಸಾವಂತ್ರವ್ವ.

‘ಇಲ್ಲ ಆಯಿ.’

‘ಪರದೇಶದಾಂವ.’

‘ಹೂಂ.’

‘ಇದನ್ನ ನಿನ್ನ ಗಂಡ ಓದಿದ್ನೇನು?’

‘ಇಲ್ಲ,’ ಅಂದೆ. ‘ಕೆಳಗಽ ನೋಡಿದ್ರು.’

ಮೇಲಿನಿಂದ ಓದಿದ್ದರೆ ಸಾಕಿತ್ತು. ಮೂರು ನಿಮಿಷದ ಕೆಲಸ. ಓದಿದ್ದರೆ ಆ ಬಟ್ಟೆಯನ್ನು ನೀರಿಗೆ ಹಾಕುತ್ತಿರಲಿಲ್ಲ ಅವನು. ಈ ಮನೆಯ ಒಳಗೆ ಕುಳಿತು ರೊಟ್ಟಿ ತಿಂದು ಇಳಕಲ್ಲಿಗೆ ಬಂದು ನನಗೆ ಊಟ ತಣ್ಣಗಾಗುವವರೆಗೆ ಹೇಳುತ್ತಿದ್ದ. ಎದೆಯಲ್ಲಿ ಏನೋ ಒಂದು ಜಾಗ ಬದಲಿಸಿದಂತಾಯಿತು. ನೋವು ಎಂದು ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ತಲೆ ಬಾಗಿಸಿ ಕುಳಿತೆ. ಸಾವಂತ್ರವ್ವ ಮೊರ ಎಳೆದುಕೊಂಡು ಮತ್ತೆ ತೊಗರಿ ಆರಿಸತೊಡಗಿದಳು. ಅರ್ಧ ತಾಸು ಆಗಿರಬೇಕು.

‘ಫೋಟೋ ಹೊಡ್ಕೊ,’ ಅಂದಳು ಆಮೇಲೆ. ‘ಕಾಗದ ಹೊಸ್ತಿಲಾ ದಾಟೂದಿಲ್ಲ.’

ಫೋಟೋ ತೆಗೆದೆ. ಅವಳು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯಲ್ಲಿ ಕೆಳಗಿಟ್ಟು, ಚೀಟಿಯನ್ನು ಅದರ ಮೇಲಿಟ್ಟಳು. ಮುಚ್ಚಳ ಹಾಕಿದಳು. ರಾಜಕುಮಾರ ವ್ಯಾನಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟ. ಇಳಿಯುವಾಗ, ‘ಇನ್ನ ಆ ಹೆಸರು ಕರಿಯೂದಿಲ್ರಿ ಅಕ್ಕಾರ,’ ಅಂದ.

ಬಸ್ಸಿನಲ್ಲಿ ಪಕ್ಕದವಳು ನನ್ನ ಹಣೆ ನೋಡಿ, ಕೊರಳು ನೋಡಿ, ಮತ್ತೆ ಹಣೆ ನೋಡಿದಳು. ನಾನು ಒರೆಸಿಕೊಳ್ಳಲಿಲ್ಲ.

ಪ್ರದರ್ಶನದ ನಿಯಮವೊಂದಿದೆ. ಅಸಲು ಇಲ್ಲದೆ ಪ್ರತಿ ಇಡುವುದಾದರೆ ಅದು ಅಸಲಿಗಿಂತ ಕಾಲುಭಾಗ ಚಿಕ್ಕದಾಗಿರಬೇಕು, ನೋಡಿದವರು ಮೋಸ ಹೋಗಬಾರದೆಂದು. ಅದರಂತೆ ಚಿಕ್ಕದಾಗಿ ಪ್ರಿಂಟು ಹಾಕಿಸಿದೆ. ಅವನು ಎಳೆದ ಚೌಕದ ನಡುವೆ ಅಂಟಿಸಿದಾಗ ಸುತ್ತಲೂ ಜಾಗ ಉಳಿಯಿತು. ಚೌಕವನ್ನು ಅಳಿಸಲಿಲ್ಲ.

ಕೆಳಗೆ ಬರೆಯುವ ಮಾತಿನ ಬಗ್ಗೆ ಸುಭಾನಸಾಬರು ಒಂದು ಸಂಜೆ ಪೂರ್ತಿ ನನ್ನ ಜೊತೆ ಜಗಳಾಡಿದರು.

‘ಕಾಲಮಾನದಿಂದ ಸಹಿ ಮಾಸಿದೆ ಅಂತ ಬರಿ. ಅದೂ ಸುಳ್ಳಲ್ಲ.’

‘ಸುಳ್ಳ್ರಿ ಮಾಸ್ತರ್ರ.’

‘ಸತ್ತಾವನ ಮರ್ಯಾದಿ ಬೇಟಿ. ಧಾರವಾಡಕ್ಕ ದೊಡ್ಡ ದೊಡ್ಡ ಮಂದಿ ಬರ್ತಾರ. ಸಂಗ್ರಾಹಕ ತಾನಽ ಸಹಿ ಒರಸಿದ ಅಂದ್ರ ಏನಂದಾರು?’

‘ಶಿರೂರಾಗ ಐದು ಸಲ ಹೋಗಿ ತಾವಽ ಹೇಳ್ಯಾರ್ರಿ. ಹೊಸಾದೇನಲ್ಲ. ನೋಟುಬುಕ್ಕಿನ್ಯಾಗ ಬರಿಯಾಕ ಮಾತ್ರ ಆಗಿಲ್ಲ.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹಾಳೆಯನ್ನು ತಮ್ಮ ಕಡೆಯಿಂದ ನನ್ನ ಕಡೆ ಸರಿಸಿದರು.

ದುಂಡೇಶನ ಪೆನ್ನಿಗೆ ಮಸಿ ತುಂಬಿ ಬರೆದೆ:

‘ಶಿರೂರು ಚೀಟಿ. ಕಾಪಿಂಗ್ ಪೆನ್ಸಿಲ್. ಕೆಳಗೆ ಪೈಲಟ್ಟನ ಸಹಿ ಇತ್ತು. ನಾಲ್ಕು ವರ್ಷದ ಹಿಂದೆ ಸಂಗ್ರಾಹಕರು ಭಂಡಾರ ತೆಗೆಯಲು ಹೋಗಿ ಅದನ್ನು ಒರೆಸಿದರು. ಒರೆಸಿದ ಬಟ್ಟೆಯನ್ನು ಅವರ ಹೆಂಡತಿ ಒಗೆದಳು. ಚೀಟಿ ಮತ್ತು ಬಟ್ಟೆ ಎರಡೂ ಈಗ ಶಿರೂರಿನಲ್ಲಿ ಬೀರಪ್ಪನ ಜಗಲಿಯ ಮೇಲಿವೆ. ದಯವಿಟ್ಟು ಮೇಲಿನಿಂದ ಓದಿರಿ.’

ಹದಿನೈದು ಹಾಳೆಗಳ ಬಲಮೂಲೆಯಲ್ಲಿ ಅವನ ಪುಟ್ಟ ಸಹಿ ಇದೆ. ಮುಗಿಸಿದ ಹಾಳೆಗೆ ಮಾತ್ರ ಹಾಕುತ್ತಿದ್ದ. ಹದಿನಾರನೆಯದರ ಮೂಲೆಯಲ್ಲಿ ನಾನು ರಾಧಿಕಾ ಎಂದು ಬರೆದೆ.

ಸುಭಾನಸಾಬರು ಬಾಗಿ ನೋಡಿದರು. ಬೆರಳು ಆ ಕಡೆ ಬಂತು.

‘ಮುಟ್ಟಬ್ಯಾಡ್ರಿ ಮಾಸ್ತರ್ರ,’ ಅಂದೆ. ‘ಇನ್ನೂ ಹಸಿ ಐತಿ.’